ಒಂದೇ ಮೇಜಿನ ಉತ್ತರಗಳು

ಬಂಗುಡೆ ಮೀನಿನ ಹೊಟ್ಟೆ ಸೀಳಿ ತೊಳೆಯುತ್ತಿದ್ದೆ. ಇಲ್ಲಿಯ ಮಲಾಯ್ ಜನ ಅದಕ್ಕೆ ಕೆಂಬುಂಗ್ ಅನ್ನುತ್ತಾರೆ. ಹೆಸರು ಏನೇ ಇರಲಿ, ಪುಚೊಂಗಿನ ಮಾರ್ಕೆಟಿನಲ್ಲಿ ನಮ್ಮ ಊರಿನದೇ ಬಂಗುಡೆ ಸಿಗುತ್ತದಲ್ಲ, ಅದಕ್ಕಾಗಿ ದೇವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹೇಳಿಯೇ ನಾನು ಚೂರಿ ಹಿಡಿಯುವುದು. ಫ್ರಿಡ್ಜಿನ ಮೇಲೆ ಇಟ್ಟಿದ್ದ ಮೊಬೈಲು ಒಮ್ಮೆ ಸದ್ದು ಮಾಡಿತು. ಆಮೇಲೆ ಒಂದರ ಹಿಂದೆ ಒಂದು. ಕೈ ರಕ್ತವಾಗಿತ್ತು. ಯಾರೋ ಊರಿನಲ್ಲಿ ತೀರಿಹೋದರೇ ಎಂದು ಗಾಬರಿಯಾಗಿ, ಮೊಣಕೈಯಿಂದಲೇ ಒತ್ತಿ ನೋಡಿದೆ.

ನಮ್ಮ ಕಲಿಕೆಯ ಗುಂಪಿನ ನಾಲ್ವರಿಂದಲೂ ಸಂದೇಶ. ಮೈಸೂರಿನ ಹುಡುಗಿಯದು ಒಂದೇ ಸಾಲು: ‘ಆಂಟಿ, ಮೇಲ್ ನೋಡಿದ್ರಾ? ಪ್ಲೀಸ್ ಕಾಲ್ ಮಾಡಿ.’ ಹುಬ್ಬಳ್ಳಿಯಾಕೆಯದು ಧ್ವನಿ. ಅವಳು ಬರೆಯುವುದಿಲ್ಲ, ಮಾತನಾಡಿ ಕಳಿಸುತ್ತಾಳೆ.

“ಅಕ್ಕಾರ, ಯುನಿವರ್ಸಿಟಿಯಿಂದ ಮೇಲ್ ಬಂದೈತ್ರಿ. ಭಾಳ ಉದ್ದ ಐತಿ. ಇಷ್ಟುದ್ದ ಬರದಾರಂದ್ರ ಪಾಸ್ ಆಗೇನಿ ಅನಸ್ತೈತಿ, ನೋಡ್ರಿ. ಫೇಲ್ ಆದವ್ರಿಗೆ ಯಾರು ಇಷ್ಟು ಬರೀತಾರ? ನೀವು ಓದಿ ಹೇಳೂತನಕ ನಮ್ಮನಿಯವ್ರಿಗೆ ಹೇಳೂದಿಲ್ಲ.”

ಕೈ ತೊಳೆದು, ಕನ್ನಡಕ ಹುಡುಕಿ, ನನಗೂ ಬಂದಿದ್ದ ಆ ಮೇಲ್ ಓದಿದೆ. ಪಾಸಲ್ಲ, ಫೇಲೂ ಅಲ್ಲ. ನಾಲ್ವರ ಅಂತಿಮ ಪರೀಕ್ಷೆಯ ಫಲಿತಾಂಶವನ್ನೂ ತಡೆಹಿಡಿದಿದ್ದಾರೆ. ಉತ್ತರಗಳಲ್ಲಿ ವಾಕ್ಯಕ್ಕೆ ವಾಕ್ಯ ಹೋಲಿಕೆ ಕಂಡಿದೆ, ನಾಲ್ಕೂ ಒಂದೇ ಕಂಪ್ಯೂಟರಿನಿಂದ ಬಂದಿವೆ, ಆದ್ದರಿಂದ ಇದನ್ನು ಪರಸ್ಪರ ನಕಲು ಎಂದು ಪರಿಗಣಿಸಲಾಗಿದೆ.

ನಾನು ಕುರ್ಚಿ ಎಳೆದು ಕೂತೆ. ನಕಲು ಎಂಬ ಮಾತಿಗೆ ನನಗೆ ಸಿಟ್ಟೂ ಬರಲಿಲ್ಲ. ಅರ್ಥವೇ ಆಗಲಿಲ್ಲ ಅನ್ನಬೇಕು.

ಇದೆಲ್ಲ ಶುರುವಾದದ್ದು ಇಗರ್ಜಿಯ ಮಹಿಳಾ ಕೂಟದಿಂದ. ಯುರೋಪಿನ ಒಂದು ವಿಶ್ವವಿದ್ಯಾನಿಲಯ ಅಲ್ಲಿನ ಸರಕಾರದ ದುಡ್ಡಿನಲ್ಲಿ ಚಿಕ್ಕಮಕ್ಕಳ ಆರೈಕೆಯ ಆನ್‌ಲೈನ್ ಕೋರ್ಸು ಮಾಡಿತ್ತು. ಎಲ್ಲರಿಗೂ ಉಚಿತ. ದುಡ್ಡು ಕೊಟ್ಟವರ ಷರತ್ತು ಏನೆಂದರೆ ಯುರೋಪಿನ ಹೊರಗಿನ ಹೆಂಗಸರೂ ಕಲಿಯಬೇಕು, ಒಬ್ಬೊಬ್ಬರೇ ಕೂತು ಬಿಟ್ಟುಹೋಗದ ಹಾಗೆ ಊರೂರಲ್ಲಿ ಒಂದು ಕಲಿಕಾ ಗುಂಪು ಇರಬೇಕು. ಗುಂಪಿಗೆ ಒಬ್ಬಳು ಮಾರ್ಗದರ್ಶಿ. ನಮ್ಮ ಚರ್ಚಿನ ಸಿಸ್ಟರೊಬ್ಬರು ನನ್ನ ಹೆಸರು ಕೊಟ್ಟರು. ಸಂಬಳವಿಲ್ಲ. ಗಂಡನ ಕೆಲಸದ ಮೇಲೆ ಡಿಪೆಂಡೆಂಟ್ ಪಾಸಿನಲ್ಲಿ ಬಂದವಳಿಗೆ ಸಂಬಳದ ಕೆಲಸ ಮಾಡಲು ಈ ದೇಶದಲ್ಲಿ ಹಾಗೆಲ್ಲ ಬರುವುದೂ ಇಲ್ಲ. ಊರಿನ ಇಗರ್ಜಿಯಲ್ಲಿ ಮಕ್ಕಳಿಗೆ ಜ್ಞಾನೋಪದೇಶ, ಅಂದರೆ ಧರ್ಮದ ಪ್ರಶ್ನೋತ್ತರ, ಹೇಳಿಕೊಡುತ್ತಿದ್ದವಳು ನಾನು, ಇದೂ ಅಂಥದ್ದೇ ಸೇವೆ ಎಂದು ಒಪ್ಪಿಕೊಂಡೆ.

ಸೇರಿದವರು ನಾಲ್ವರು. ಕೆಳಗಿನ ಮಹಡಿಯ ಇಬ್ಬರು ತಮಿಳು ಓರಗಿತ್ತಿಯರು, ಎದುರು ಬ್ಲಾಕಿನ ಮೈಸೂರಿನ ಹುಡುಗಿ, ಮತ್ತೆ ಹುಬ್ಬಳ್ಳಿಯಾಕೆ. ಮೊದಲ ಮೂವರಿಗೆ ಆ ಸರ್ಟಿಫಿಕೇಟಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಮೈಸೂರಿನವಳೇ ಹೇಳಿದ್ದಳು, “ನನ್ ಮಗ ಮಲ್ಗೋ ಟೈಮಲ್ಲಿ ದೊಡ್ಡೋರ ಹತ್ರ ನಾಲ್ಕು ಮಾತಾಡ್ಬೇಕು ಆಂಟಿ. ಅಷ್ಟೇ ನನ್ ಕೋರ್ಸು.”

ಹುಬ್ಬಳ್ಳಿಯಾಕೆಯ ಕಥೆ ಬೇರೆ. ಅವಳು ಇಲ್ಲಿಯ ತಮಿಳಿನವನನ್ನು ಮದುವೆಯಾಗಿ ಬಂದವಳು. ಲಾರಿ ಓಡಿಸುತ್ತಿದ್ದ ಅವನಿಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋಗಿವೆ. ಮಕ್ಕಳಿಲ್ಲ. ಅವಳು ಹತ್ತಿರದ ಟಾಸ್ಕಾದಲ್ಲಿ, ಅಂದರೆ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಶಿಶುಪಾಲನೆಯ ಮನೆಯಲ್ಲಿ, ಅಡುಗೆಗೆ ಇದ್ದಳು. ಆದರೆ ಯಜಮಾನಿ ಇನ್ನು ಮುಂದೆ ಊಟವನ್ನು ಹೊರಗಿನಿಂದ ತಾಪಾವ್, ಅಂದರೆ ಪೊಟ್ಟಣ ಕಟ್ಟಿಸಿ, ತರಿಸಿಕೊಳ್ಳುವುದೆಂದು ಅಡುಗೆಮನೆ ಮುಚ್ಚುವವಳಿದ್ದಳು. ಮಕ್ಕಳ ಕೋಣೆಯಲ್ಲಿ ಒಂದು ಜಾಗ ಖಾಲಿ ಇತ್ತು. ಅದನ್ನು ಇವಳಿಗೆ ಕೊಡಲು ಅವಳಿಗೂ ಮನಸ್ಸಿತ್ತು. “ನೀನು ಮಕ್ಕಳನ್ನ ನೋಡೋದು ನಂಗೆ ಗೊತ್ತು ಲಾ. ಆದ್ರೆ ಅಪ್ಪ ಅಮ್ಮಂದಿರು ಕೇಳ್ತಾರೆ. ಒಂದು ಪೇಪರ್ ಬೇಕು ಲಾ” ಎಂದು ಇಲ್ಲಿಯವರ ಮಾತಿನ ‘ಲಾ’ ಸೇರಿಸಿ ಅಂದಿದ್ದಳಂತೆ. ಇಲ್ಲಿಯ ಸರಕಾರದ ಕೋರ್ಸು ಮಲಾಯ್ ಭಾಷೆಯಲ್ಲಿ. ಅದಕ್ಕೆ ಆಮೇಲೆ ಕಳಿಸುತ್ತೇನೆ, ಸದ್ಯಕ್ಕೆ ಈ ಯುರೋಪಿನದ್ದು ಸಾಕು ಎಂದು ಒಪ್ಪಿದ್ದಳು.

ಅದು ಸಿಗದಿದ್ದರೆ ಶಾ ಆಲಂ ಕಡೆಯ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ. ಹಗಲುಪಾಳಿ ಹೊಸಬರಿಗೆ ಕೊಡುವುದಿಲ್ಲ. ಹಗಲಲ್ಲಾದರೆ ಗಂಡನನ್ನು ಅಕ್ಕಪಕ್ಕದವರು ಇಣುಕಿ ನೋಡುತ್ತಾರೆ. ರಾತ್ರಿ ಅವನನ್ನು ಮಗ್ಗುಲು ತಿರುಗಿಸಲು, ಬಾತ್‌ರೂಮಿಗೆ ಹಿಡಿದುಕೊಂಡು ಹೋಗಲು ಇವಳೊಬ್ಬಳೇ. ಅವಳಿಗೆ ಈ ಕೋರ್ಸು ಎಂದರೆ ರಾತ್ರಿ ಮನೆಯಲ್ಲಿರುವುದು.

ಪಾಠ ನಡೆಯುತ್ತಿದ್ದದ್ದು ನಮ್ಮ ಊಟದ ಮೇಜಿನಲ್ಲಿ. ಗಂಡಸರು ಕೆಲಸಕ್ಕೆ ಹೋಗಿ, ಅಡುಗೆ ಮುಗಿದ ಮೇಲೆ. ಒಂದೇ ಲ್ಯಾಪ್‌ಟಾಪು, ಐದು ಕುರ್ಚಿ, ನಡುವೆ ಮೈಸೂರಿನವಳ ಮಗು. ಶುರುವಿನಲ್ಲಿ ವಿಡಿಯೋ ತಿರುಗುತ್ತಲೇ ಇರುತ್ತಿತ್ತು, ಓಡುತ್ತಿರಲಿಲ್ಲ. ನಮ್ಮವರು ರೂಟರನ್ನು ಅಡುಗೆಮನೆಗೆ ತಂದಿಟ್ಟು ಅದನ್ನು ಸರಿಮಾಡಿದರು. ಮುಂದಿನ ಕಷ್ಟ ಉಚ್ಚಾರದ್ದು. ವಿಡಿಯೋದಲ್ಲಿ ಪಾಠ ಮಾಡುವ ಪ್ರಾಧ್ಯಾಪಕಿ ನಗುಮುಖದವರು, ಆದರೆ ಅವರ ಇಂಗ್ಲಿಷು ನಮಗೆ ಹತ್ತುತ್ತಿರಲಿಲ್ಲ. ಕೆಳಗೆ ಬರುವ ಅಕ್ಷರಗಳನ್ನು ಯಂತ್ರವೇ ಹಾಕುತ್ತಿತ್ತು, ಅರ್ಧಕ್ಕರ್ಧ ತಪ್ಪು. ಮನುಷ್ಯರು ಕೂತು ತಿದ್ದಿದ ಅಕ್ಷರಗಳು ಅಲ್ಲಿನ ಭಾಷೆಗಳಿಗೆ ಮಾತ್ರ ಇದ್ದವು. ಇಂಗ್ಲಿಷಿನದ್ದನ್ನು ತಿದ್ದುವಷ್ಟರಲ್ಲಿ ಅದಕ್ಕೆಂದು ಇಟ್ಟ ಹಣ ಮುಗಿದಿತ್ತೆಂದು ಆಮೇಲೆ ತಿಳಿಯಿತು. ಹಾಗಾಗಿ ನಾನು ಹಿಂದಿನ ದಿನವೇ ಪಾಠವನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ಸುಲಭದ ಇಂಗ್ಲಿಷಿನಲ್ಲಿ ಬರೆದಿಡುತ್ತಿದ್ದೆ.

ಮೇಜಿನಲ್ಲಿ ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುವುದು. ಮಗುವನ್ನು ಹೇಗೆ ಮಲಗಿಸುವುದು, ಜ್ವರ ಬಂದರೆ ಮೊದಲು ಏನು, ಕಚ್ಚುವ ಮಗುವಿಗೆ ಹೇಗೆ ಹೇಳುವುದು. ವಾದ ಮಾಡಿ, ನಕ್ಕು, ಕೊನೆಗೆ ಒಂದು ಉತ್ತರಕ್ಕೆ ಬರುತ್ತಿದ್ದೆವು. ನಾನು ಅದನ್ನು ಇಂಗ್ಲಿಷಿಗೆ ತರುತ್ತಿದ್ದೆ. ಆಮೇಲೆ ಎಲ್ಲರೂ ಗಟ್ಟಿಯಾಗಿ ಒಟ್ಟಿಗೆ ಹೇಳುವುದು. ನಾನು ಕಲಿತದ್ದು ಹಾಗೆಯೇ, ಕಲಿಸಿದ್ದೂ ಹಾಗೆಯೇ: ಪ್ರಶ್ನೆ ಒಬ್ಬರು, ಉತ್ತರ ಎಲ್ಲರೂ. ಪ್ರಾರ್ಥನೆಯ ಹಾಗೆ ನಾಲಿಗೆಗೆ ಬಂದರೆ ಹೆದರಿಕೆಯಲ್ಲೂ ಬಿಟ್ಟುಹೋಗುವುದಿಲ್ಲ. ಓರಗಿತ್ತಿಯರಿಗೂ ದೇವಸ್ಥಾನದಲ್ಲಿ ಸ್ತೋತ್ರ ಹೇಳಿ ರೂಢಿ, ಅವರ ದನಿಯೇ ಎಲ್ಲಕ್ಕಿಂತ ಮೇಲೆ. ಹೇಳುವುದು ಎಂದಾದರೂ ಸಂಜೆಯ ಜಪಸರದ ಹೊತ್ತಿನವರೆಗೆ ನಡೆದರೆ, ಕೆಲಸದಿಂದ ಬಂದ ನಮ್ಮವರು ಹೊರಗೆ ಚಪ್ಪಲಿ ಬಿಡುತ್ತಾ ಕೇಳುತ್ತಿದ್ದರು, “ಎಂತ, ಇವತ್ತು ಯಾವ ಸಂತರ ಹಬ್ಬ?”

ಒಂದು ಉತ್ತರ ಮಾತ್ರ ಪೂರ್ತಿಯಾಗಿ ಹುಬ್ಬಳ್ಳಿಯಾಕೆಯದು. ಬೆಳಿಗ್ಗೆ ತಾಯಿ ಬಿಟ್ಟುಹೋಗುವಾಗ ಅಳುವ ಮಗುವನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆ. ನಾವೆಲ್ಲ ಆಟಿಕೆ ಕೊಡುವುದು, ಎತ್ತಿಕೊಳ್ಳುವುದು ಎಂದೆವು. ಅವಳು ಹೇಳಿದಳು:

“ನಾ ಅಡಿಗಿ ಮನ್ಯಾಗಿಂದ ದಿನಾ ನೋಡ್ತೀನ್ರಿ. ಎತ್ತಿಕೊಂಡ್ರ ಇನ್ನಾ ಜೋರ ಅಳ್ತಾವ. ಮೊದ್ಲ ನಾ ಕೆಳಗ ಕುಂದರ್ತೀನಿ, ಅದರ ಎತ್ತರಕ್ಕ. ಅವ್ವ ಹೋದ ಬಾಗಲಾ ಅದೂ ನೋಡ್ತೈತಿ, ನಾನೂ ನೋಡ್ತೀನಿ. ಇಬ್ರೂ ಕೂಡಿ ನೋಡೂದು. ಆಮ್ಯಾಲೆ ಅದ ನನ್ನ ಕಡೆ ತಿರುಗತೈತಿ.”

ನಾನು ಅದನ್ನು ಇಂಗ್ಲಿಷಿನಲ್ಲಿ ಕೂರಿಸಿದೆ. ಎಲ್ಲರೂ ಬಾಯಿಪಾಠ ಮಾಡಿದರು.

ಹೀಗೆ ಒಟ್ಟಿಗೆ ಉತ್ತರ ತಯಾರಿಸಬಹುದೇ ಎಂದು ಕೋರ್ಸಿನ ಚರ್ಚಾ ಪುಟದಲ್ಲಿ ನಾನು ಕೇಳಿಯೂ ಇದ್ದೆ. ಉತ್ತರ ಬರಲಿಲ್ಲ. ಮೊದಮೊದಲು ಅಲ್ಲಿ ಯಾರೋ ಒಬ್ಬರು ದಿನವೂ ಉತ್ತರ ಕೊಡುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಕಲಿಯುವವರ ಪ್ರಶ್ನೆಗಳೇ ಒಂದರ ಕೆಳಗೆ ಒಂದು, ಕಾಯುತ್ತಾ. ಮೊದಲ ವಿಡಿಯೋದಲ್ಲಿ ಪ್ರಾಧ್ಯಾಪಕಿ ‘ಜೊತೆಯಾಗಿ ಕಲಿಯಿರಿ’ ಎಂದೇ ಹೇಳಿದ್ದರು. ನಾವು ಅದನ್ನು ನಂಬಿದೆವು.

ಪರೀಕ್ಷೆಯ ದಿನ ಇನ್ನೊಂದು ಗೋಳು. ಕ್ಯಾಮೆರಾ ಮುಖ ನೋಡುತ್ತಲೇ ಇರಬೇಕು, ಕೋಣೆಯಲ್ಲಿ ಎರಡನೆಯ ಮುಖ ಕಂಡರೆ ಪರೀಕ್ಷೆ ನಿಂತುಹೋಗುತ್ತದೆ. ಹುಬ್ಬಳ್ಳಿಯಾಕೆಯ ಮನೆಯಲ್ಲಿ ಗಂಡನ ಮಂಚ ಬಿಟ್ಟರೆ ಜಾಗವಿಲ್ಲ. ಆದ್ದರಿಂದ ಎಲ್ಲರೂ ನಮ್ಮ ಸಣ್ಣ ಕೋಣೆಯಲ್ಲೇ ಒಬ್ಬರಾದ ಮೇಲೆ ಒಬ್ಬರು ಬರೆಯುವುದೆಂದಾಯಿತು. ಮೈಸೂರಿನವಳು ಮೊದಲು ಕೂತಳು. ಕೂತ ಕೂಡಲೇ ಯಂತ್ರ ನಿಲ್ಲಿಸಿತು. ಕೋಣೆಯಲ್ಲಿ ಬೇರೆ ವ್ಯಕ್ತಿ ಇದ್ದಾರೆ ಎಂದು ಕೆಂಪು ಅಕ್ಷರ. ಮಂಚದ ಕೆಳಗೂ ನೋಡಿದೆವು. ಕೊನೆಗೆ ಅವಳೇ ಹಿಂದೆ ತಿರುಗಿ ಗೋಡೆ ತೋರಿಸಿದಳು. ಯೇಸುವಿನ ಪವಿತ್ರ ಹೃದಯದ ಚಿತ್ರ.

“ಆಂಟಿ, ಜೀಸಸ್ ಉತ್ತರ ಹೇಳ್ಕೊಟ್ಬಿಡ್ತಾರೆ ಅಂತ ಅವ್ರಿಗೂ ಡೌಟು.”

ನಗು ಬಂತು. ಆದರೂ ಮದುವೆಯಾದಾಗಿನಿಂದ ಯಾವ ಮನೆಯಲ್ಲೂ ಇಳಿಸದ ಚಿತ್ರವನ್ನು ಇಳಿಸಿ, ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಡುವಾಗ ನನ್ನ ಕೈ ತಡೆಯಿತು. ಕ್ಷಮಿಸು ಎಂದೆ. ನಾಲ್ವರೂ ಬರೆದರು. ಹುಬ್ಬಳ್ಳಿಯಾಕೆ ಗಂಡನಿಗೆ ಊಟ ಮಾಡಿಸಿ ಬಂದು ಕೊನೆಯಲ್ಲಿ ಬರೆದಳು. ಹೊರಗೆ ಬಂದು, “ಎಲ್ಲಾ ಬಂತ್ರಿ ಅಕ್ಕಾರ. ಒಂದು ಅಕ್ಷರ ಬಿಡಲಿಲ್ಲ” ಅಂದಳು.

ಬಿಡಲಿಲ್ಲ. ಅದೇ ತಪ್ಪಾಯಿತು.

ಆ ಮೇಲ್ ಬಂದ ಮರುದಿನದಿಂದ ನಾನು ಬರೆಯಲು ಶುರುಮಾಡಿದೆ. ಮೊದಲು ಸಹಾಯದ ವಿಳಾಸಕ್ಕೆ. ‘ನಿಮ್ಮ ಪತ್ರ ನಮಗೆ ಮುಖ್ಯ’ ಎಂದು ಯಂತ್ರದ ಉತ್ತರ. ಎರಡನೆಯ ಸಲವೂ ಅದೇ. ಪ್ರಾಧ್ಯಾಪಕಿಗೆ ಬರೆದೆ. ತಾನು ವಿಡಿಯೋಗಳನ್ನು ಮಾಡಿಕೊಟ್ಟು ಬೇರೆ ಕೆಲಸಕ್ಕೆ ಹೋಗಿ ಎಷ್ಟೋ ದಿನವಾಯಿತು, ಪರೀಕ್ಷೆ ತನ್ನ ಕೈಯಲ್ಲಿಲ್ಲ ಎಂದು ಅವರು ಮರ್ಯಾದೆಯಿಂದಲೇ ಹೇಳಿದರು. ಆದರೂ ದಿನವೂ ನಮ್ಮ ಮೇಜಿನ ಮೇಲೆ ಅವರು ನಗುತ್ತಿದ್ದರಲ್ಲ, ನನಗೆ ಒಂಥರಾ ಆಯಿತು. ಕೊನೆಗೆ ಸಿಸ್ಟರ್ ಹಳೆಯ ಪತ್ರಗಳಲ್ಲಿ ಹುಡುಕಿ ಯೋಜನೆಯ ಸಂಯೋಜಕಿಯ ವಿಳಾಸ ಕೊಟ್ಟರು. ಆಕೆ ಮನುಷ್ಯಳು. ವಿಡಿಯೋ ಕರೆಗೆ ಒಪ್ಪಿದಳು. ಅಷ್ಟಾದರೂ ದಯೆ.

ಅವರಿಗೆ ಬೆಳಿಗ್ಗೆ, ನಮಗೆ ಸಂಜೆ. ನಾಲ್ವರೂ ಬಂದು ನನ್ನ ಜೊತೆ ಮೇಜಿಗೆ ಕೂತರು. ಸಂಯೋಜಕಿ ಕಿರಿವಯಸ್ಸಿನವಳು, ಹಿಂದೆ ಖಾಲಿ ಕಪಾಟುಗಳು. ಪರದೆಯ ಮೇಲೆ ನಮ್ಮ ಉತ್ತರಗಳನ್ನು ತೋರಿಸಿದಳು. ಒಂದೇ ತರಹದ ಮಾತುಗಳಿಗೆ ಯಂತ್ರ ಬಣ್ಣ ಬಳಿದಿತ್ತು. ಬಣ್ಣವಿಲ್ಲದ್ದು ಅವರವರ ಹೆಸರು ಮಾತ್ರ.

ನಾನು ನಾವು ಕಲಿಯುವ ಕ್ರಮವನ್ನೆಲ್ಲ ಹೇಳಿದೆ. ಆಕೆ ಕೇಳಿದಳು, ಬರೆದುಕೊಂಡಳು. ಆಮೇಲೆ ಹೇಳಿದ್ದು ಇಷ್ಟು: ಯೋಜನೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಉತ್ತರ ನೋಡುವವರ ಒಪ್ಪಂದ ಆಗಲೇ ಮುಗಿದಿದೆ. ಮರುಪರೀಕ್ಷೆ ನಡೆಸಲು ಯಾರೂ ಇಲ್ಲ. ಸರಕಾರ ಕೋರ್ಸು ತಯಾರಿಸಲು ಹಣ ಕೊಟ್ಟಿತ್ತು, ನಡೆಸಿಕೊಂಡು ಹೋಗಲು ವಿಶ್ವವಿದ್ಯಾನಿಲಯ ತನ್ನ ಕೈಯಿಂದ ಹಾಕಬೇಕಿತ್ತು, ಹಾಕಲಿಲ್ಲ. “ನನ್ನ ಕೆಲಸವೂ ಅದೇ ದಿನ ಮುಗಿಯುತ್ತದೆ” ಎಂದಳು. ಹಿಂದಿನ ಕಪಾಟುಗಳು ಯಾಕೆ ಖಾಲಿ ಎಂದು ಆಗ ನನಗೆ ಗೊತ್ತಾಯಿತು. ಮನೆ ಕಟ್ಟಿಸಲು ಕೊಟ್ಟು, ಗುಡಿಸಿ ಒರೆಸಲು ಯಾರನ್ನೂ ಇಡದಿದ್ದರೆ ಎಷ್ಟು ದಿನ ಅಂತ ಇರುತ್ತದೆ?

ಆಮೇಲೆ ಆಕೆ ದನಿ ತಗ್ಗಿಸಿ ಒಂದು ದಾರಿ ಹೇಳಿದಳು. ನಿಯಮದಲ್ಲಿ ಒಂದು ಅವಕಾಶವಿದೆ. ಗುಂಪಿನಲ್ಲಿ ಉತ್ತರಗಳು ಮೂಲತಃ ಯಾರವು ಎಂದು ಗೊತ್ತಾದರೆ ಅವರೊಬ್ಬರಿಗೆ ಫಲಿತಾಂಶ ಕೊಡಬಹುದು. ಉಳಿದವರು ‘ನಾವು ಇವರಿಂದ ನಕಲು ಮಾಡಿದೆವು’ ಎಂದು ಒಪ್ಪಬೇಕು, ಮಾರ್ಗದರ್ಶಿ ಅದು ನಿಜವೆಂದು ಸಹಿ ಹಾಕಬೇಕು. “ನಿಮ್ಮಲ್ಲಿ ಯಾರಿಗಾದರೂ ಇದು ತುಂಬಾ ಅಗತ್ಯವಿದ್ದರೆ ಯೋಚಿಸಿ” ಎಂದು ಆಕೆ ಬೇರೆ ಕಡೆ ನೋಡಿದಳು.

ಕರೆ ಮುಗಿಯಿತು. ಮೇಜಿನ ಸುತ್ತ ಮೊದಲು ಮಾತಾಡಿದವಳು ಮೈಸೂರಿನ ಹುಡುಗಿ.

“ಮುಗೀತಲ್ಲ ಆಂಟಿ. ನಾನು ಕಾಪಿ ಹೊಡ್ದೆ ಅಂತ ಬರ್ಕೊಡ್ತೀನಿ. ನನಗೇನು ಯುರೋಪಲ್ಲಿ ಮರ್ಯಾದೆ ಹೋಗ್ಬೇಕಾ? ಕೊಡಿ ಪೆನ್ನು.”

ಓರಗಿತ್ತಿಯರೂ ತಲೆಯಾಡಿಸಿದರು. ದೊಡ್ಡವಳು, “ಪರವಾಯಿಲ್ಲೆ ಅಕ್ಕಾ, ನಾವೂ ಸಹಿ ಪೋಡುತ್ತೇವೆ” ಎಂದು ತನ್ನ ಬೆರಕೆ ಕನ್ನಡದಲ್ಲಿ ಹೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು.

ನನಗೆ ಹೂಂ ಎನ್ನಲು ಬರಲಿಲ್ಲ. ಆ ಅಳುವ ಮಗುವಿನ ಉತ್ತರ ಹುಬ್ಬಳ್ಳಿಯಾಕೆಯದ್ದು ಹೌದು. ಉಳಿದವು ಅಲ್ಲ. ಜ್ವರದ್ದು ದೊಡ್ಡ ಓರಗಿತ್ತಿಯದು, ಕಚ್ಚುವ ಮಗುವಿನದ್ದು ಮೈಸೂರಿನವಳದು, ಅವಳ ಮಗನೇ ಆ ಕಾಲದಲ್ಲಿ ನಮ್ಮನ್ನೆಲ್ಲ ಕಚ್ಚುತ್ತಿದ್ದನು. ಯಾರೂ ಯಾರಿಂದಲೂ ಕದ್ದಿರಲಿಲ್ಲ. ಕದ್ದರೆಂದು ನಾನು ದೇವರ ಮುಂದೆ ಹೇಗೆ ಸಹಿ ಹಾಕಲಿ?

“ನನಗೆ ಒಂದು ರಾತ್ರಿ ಸಮಯ ಕೊಡಿ” ಎಂದೆ.

“ಏನ್ ಆಂಟಿ ನೀವು! ದೇವ್ರು ನಿಮ್ ಸಹಿ ನೋಡ್ಕೊಂಡು ಕೂತಿದ್ದಾನಾ? ಅವ್ನಿಗೆ ಬೇರೆ ಕೆಲ್ಸ ಇಲ್ವಾ?”

“ಉಂಟು ಮಾರಾಯ್ತಿ. ಆದರೆ ನನ್ನದನ್ನೂ ನೋಡುತ್ತಾನೆ.”

ಹುಬ್ಬಳ್ಳಿಯಾಕೆ ಮಗುವಿನ ಬಾಯಿ ಒರೆಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. “ಅಕ್ಕಾರು ಹೇಳಿದಂಗ ಆಗ್ಲಿ ಬಿಡ್ರಿ” ಎಂದಳು. ಅವಳು ಬೇಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ಬೆಳಗಿನ ಪೂಜೆಗೆ ಹೋದೆ. ಫಾದರನ್ನು ಕೇಳೋಣವೆಂದು ಹೋದವಳು ಕೇಳಲಿಲ್ಲ. ಏನು ಹೇಳುತ್ತಾರೆಂದು ಗೊತ್ತಿತ್ತು. ಬರುವಾಗ ಬಸ್ಸಿನಲ್ಲಿ ಇನ್ನೊಂದು ದಾರಿ ಹೊಳೆಯಿತು. ಅದನ್ನು ದೇವರೇ ಹೊಳೆಯಿಸಿದ್ದೆಂದು ಆಗ ನಂಬಿದ್ದೆ. ಬಾಯಿ ಪರೀಕ್ಷೆ. ಅವಳನ್ನು ಒಬ್ಬಳನ್ನೇ ಕೂರಿಸಿ ಪ್ರಶ್ನೆ ಕೇಳಲಿ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಸುಳ್ಳು ಬೇಡವೇ ಬೇಡ.

ಸಂಯೋಜಕಿಗೆ ಬರೆದೆ. ಬಾಯಿ ಪರೀಕ್ಷೆಗೆ ನಿಯಮದಲ್ಲಿ ಜಾಗವಿಲ್ಲ ಎಂದು ಮೊದಲು ಉತ್ತರ ಬಂತು. ಮತ್ತೆ ಬರೆದೆ. ಅವಳ ಗಂಡನ ವಿಷಯ, ರಾತ್ರಿಪಾಳಿಯ ವಿಷಯ ಎಲ್ಲ ಬರೆದೆ. ಆಕೆ ಯಾರ ಯಾರನ್ನೋ ಕೇಳಿ, ತನ್ನ ಕೆಲಸದ ಕೊನೆಯ ವಾರದಲ್ಲಿ ಒಬ್ಬ ಹಿರಿಯ ಅಧ್ಯಾಪಕರನ್ನು ಒಪ್ಪಿಸಿದಳು. ಅವರಿಗೆ ಇದಕ್ಕೆ ಏನೂ ಸಿಗುವುದಿಲ್ಲ, ತನ್ನ ಮೇಲಿನ ವಿಶ್ವಾಸಕ್ಕೆ ಬರುತ್ತಾರೆ ಎಂದಳು. ಒಂದು ಷರತ್ತು: ನಕಲಿನ ಒಪ್ಪಿಗೆಯ ದಾರಿ ಮತ್ತು ಬಾಯಿ ಪರೀಕ್ಷೆ, ಎರಡರಲ್ಲಿ ಒಂದು ಮಾತ್ರ. ಬಾಯಿ ಪರೀಕ್ಷೆ ಆರಿಸಿದರೆ ಅದರ ತೀರ್ಮಾನವೇ ಕೊನೆ.

ನಾನು ಬಾಯಿ ಪರೀಕ್ಷೆ ಎಂದೆ. ಮೈಸೂರಿನವಳಿಗೆ ತಿಳಿದಾಗ ಅವಳು ಕೂಗಾಡಲಿಲ್ಲ. “ನಿಮ್ ಮನಸ್ಸು ಕ್ಲೀನಾಗಿರುತ್ತೆ ಆಂಟಿ. ಅವ್ಳು ಫ್ಯಾಕ್ಟರಿ ಬಸ್ ಹತ್ತುತ್ತಾಳೆ” ಎಂದಷ್ಟೇ ಹೇಳಿ ಮಗುವನ್ನು ಎತ್ತಿಕೊಂಡು ಹೋದಳು.

ಪ್ರತಿದಿನ ಹುಬ್ಬಳ್ಳಿಯಾಕೆಯನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸಿದೆ. “ಬಾಯಿಪಾಠ ಬೇಡ, ನಿನ್ನ ಹಾಗೆ ಹೇಳು.”

“ನನ್ನಂಗ ಅಂದ್ರ ಇದ ಅಲ್ರಿ ಅಕ್ಕಾರ? ನಾ ಹೇಳಿದ್ದ ನೀವು ಇಂಗ್ಲಿಷ್ ಮಾಡೀರಿ.”

“ಹೌದು. ಆದರೆ ಬೇರೆ ಶಬ್ದದಲ್ಲಿ ಹೇಳಬೇಕು.”

“ಬ್ಯಾರೆ ಶಬ್ದ ನಂಗ ಎಲ್ಲೈತ್ರಿ? ಇರೂದ ಇಷ್ಟ ಶಬ್ದ. ಕನ್ನಡದಾಗ ಕೇಳ್ರಿ, ಹತ್ತ ನಮೂನಿ ಹೇಳ್ತೀನಿ.”

ನಾನು ಕನ್ನಡದಿಂದ ಅನುವಾದ ಮಾಡುತ್ತೇನೆ ಎಂದು ಕೇಳಿ ನೋಡಿದೆ. ಮಾರ್ಗದರ್ಶಿ ಕೋಣೆಯಲ್ಲಿ ಇರುವಂತಿಲ್ಲ ಎಂದು ಉತ್ತರ ಬಂತು.

ಬಾಯಿ ಪರೀಕ್ಷೆಯ ದಿನ ಯೇಸುವಿನ ಚಿತ್ರವನ್ನು ಮತ್ತೆ ಇಳಿಸಿದೆ. ಅವಳು ದೇವಸ್ಥಾನಕ್ಕೆ ಹೋಗುವ ಸೀರೆ ಉಟ್ಟು ಬಂದಿದ್ದಳು, ಹಣೆಯಲ್ಲಿ ವಿಭೂತಿ. ಅವಳನ್ನು ಒಳಗೆ ಕೂರಿಸಿ ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಈ ಫ್ಲಾಟುಗಳ ಬಾಗಿಲು ತೆಳು, ಎಲ್ಲ ಕೇಳುತ್ತದೆ. ಹಿರಿಯ ಅಧ್ಯಾಪಕರ ದನಿ ಮೆತ್ತಗಿತ್ತು. ಹವಾಮಾನ ಕೇಳಿದರು. ಅವಳು “ಹಾಟ್ ಸರ್, ವೆರಿ ಹಾಟ್” ಎಂದಳು. ಅವರು ನಕ್ಕರು, ಅವಳೂ ನಕ್ಕಳು. ನನ್ನ ಎದೆ ಸ್ವಲ್ಪ ಹಗುರವಾಯಿತು.

ಆಮೇಲೆ ಕೇಳಿದರು. ತಾಯಿ ಬಿಟ್ಟುಹೋಗುವಾಗ ಅಳುವ ಮಗುವನ್ನು ನೀವು ಏನು ಮಾಡುತ್ತೀರಿ?

ಎಲ್ಲಾ ಬಿಟ್ಟು ಅದನ್ನೇ ಕೇಳಿದರಲ್ಲ ಎಂದು ನಾನು ಹೊರಗೆ ಶಿಲುಬೆಯ ಗುರುತು ಹಾಕಿಕೊಂಡೆ. ಅವಳದ್ದೇ ಪ್ರಶ್ನೆ, ಅವಳದ್ದೇ ಉತ್ತರ. ದೇವರು ಕಣ್ಣು ತೆರೆದ ಎಂದುಕೊಂಡೆ.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅವಳು ಶುರುಮಾಡಿದಳು. ಗಟ್ಟಿ ದನಿಯಲ್ಲಿ, ಒಂದೇ ಉಸಿರಿಗೆ, ನಮ್ಮ ಮೇಜಿನ ರಾಗದಲ್ಲಿ. ನಾನು ಇಂಗ್ಲಿಷಿನಲ್ಲಿ ಕೂರಿಸಿದ ಅದೇ ವಾಕ್ಯ, ಅದೇ ಪದ, ಅಲ್ಪವಿರಾಮ ಇದ್ದಲ್ಲಿ ಅದೇ ನಿಲುಗಡೆ. ಯಂತ್ರ ಬಣ್ಣ ಬಳಿದಿದ್ದ ಸಾಲುಗಳು ಒಂದೂ ಬಿಡದೆ ಬಾಗಿಲಿನ ಆಚೆಯಿಂದ ಬಂದವು.

ಅವರು ಇನ್ನೊಂದು ಸಲ ಪ್ರಯತ್ನಿಸಿದರು, ಪಾಪ. ಆ ಮಗು ನಿಮ್ಮನ್ನು ತಳ್ಳಿದರೆ ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ತಯಾರಿಸಿದ ಉತ್ತರ ಇರಲಿಲ್ಲ. ಅವಳು ತಡವರಿಸಿ, ಹೆದರಿ, ಮತ್ತೆ ಮೊದಲಿನಿಂದ ಅದನ್ನೇ ಹೇಳಿದಳು.

ಬಾಗಿಲು ತೆರೆದು ಹೊರಗೆ ಬಂದವಳ ಮುಖದಲ್ಲಿ ಬೆವರು. “ಒಂದು ಅಕ್ಷರ ಬಿಡಲಿಲ್ರಿ ಅಕ್ಕಾರ” ಎಂದಳು. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ, “ಅದ ಅಂದ್ನಿ ಅಲ್ರಿ?” ಎಂದಳು. ನಾನು ಅವಳಿಗೆ ನೀರು ಕೊಟ್ಟೆ.

ಎರಡು ದಿನ ಬಿಟ್ಟು ಸಂಯೋಜಕಿ ಸ್ವತಃ ಬರೆದಳು. ಅಭ್ಯರ್ಥಿಯ ಉತ್ತರ ಬಾಯಿಪಾಠದ್ದು, ಸ್ವಂತ ತಿಳಿವಳಿಕೆಗೆ ಸಾಕ್ಷಿ ಸಿಗಲಿಲ್ಲ. ಕೆಳಗೆ ತನ್ನದೊಂದು ಸಾಲು ಸೇರಿಸಿದ್ದಳು: ‘ಇದು ನನ್ನ ಕೊನೆಯ ಪತ್ರ ಇರಬಹುದು. ನನ್ನನ್ನು ಕ್ಷಮಿಸಿ.’ ಅವಳ ತಪ್ಪೇನಿತ್ತು? ಅವಳಿಗಾಗಿಯೂ ಒಂದು ಪ್ರಾರ್ಥನೆ ಹೇಳಿದೆ. ಮರುವಾರ ಕೋರ್ಸಿನ ಪುಟ ತೆರೆದರೆ ಬಾಗಿಲು ಹಾಕಿದ ಅಂಗಡಿಯ ಹಾಗೆ ಒಂದು ಬೂದು ಹಾಳೆ. ವಿಡಿಯೋಗಳಿಲ್ಲ, ಚರ್ಚಾ ಪುಟ ಇಲ್ಲ. ಆದರೆ ಯಂತ್ರ ಮಾತ್ರ ಇನ್ನೂ ಬರೆಯುತ್ತಲೇ ಇದೆ: ‘ನಿಮ್ಮ ಕಲಿಕೆ ನಿಮಗಾಗಿ ಕಾಯುತ್ತಿದೆ, ಮುಂದುವರಿಸಿ.’

ಟಾಸ್ಕಾದ ಯಜಮಾನಿಯನ್ನು ನಾನೇ ಹೋಗಿ ಕಂಡೆ. ಚಹಾ ಕೊಟ್ಟಳು. “ನಾನೇನು ಮಾಡ್ಲಿ ಆಂಟಿ? ಪೇಪರ್ ಇಲ್ಲ ಅಲ್ಲಾ” ಎಂದಳು. ಮಕ್ಕಳ ಕೋಣೆಗೆ ಬೇರೆ ಹುಡುಗಿ ಬಂದಿದ್ದಳು. ನಾನು ಹೊರಡುವ ಹೊತ್ತಿಗೆ ಒಂದು ಮಗು ಬಾಗಿಲಲ್ಲಿ ನಿಂತು ಅಳುತ್ತಿತ್ತು, ಆ ಹುಡುಗಿ ಎತ್ತಿಕೊಂಡು ಕುಣಿಸುತ್ತಿದ್ದಳು. ಅದು ಇನ್ನೂ ಜೋರಾಗಿ ಅಳುತ್ತಿತ್ತು.

ನಾನು ಸರಿ ಮಾಡಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಸಹಿ ಹಾಕಿದ್ದರೆ ಅವಳು ಇವತ್ತು ಆ ಬಾಗಿಲಲ್ಲಿ ಕೆಳಗೆ ಕೂತಿರುತ್ತಿದ್ದಳು. ಜಪಸರ ಹಿಡಿದಾಗ ಇದೇ ನೆನಪು ಬರುತ್ತದೆ, ಮಣಿ ಮುಂದೆ ಹೋಗುವುದಿಲ್ಲ. ಅವಳು ನನ್ನನ್ನು ಒಂದು ದಿನವೂ ದೂರಿಲ್ಲ. ಮೈಸೂರಿನವಳೂ ಈಗ ಮಾತಾಡುತ್ತಾಳೆ, ಆದರೆ ಮಗ ಮಲಗುವ ಹೊತ್ತಿಗೆ ಬರುವುದು ಬಿಟ್ಟಿದ್ದಾಳೆ. ಮೇಜಿನ ಸುತ್ತ ಕುರ್ಚಿಗಳನ್ನು ಒಳಗೆ ತಳ್ಳಿಟ್ಟಿದ್ದೇನೆ.

ನಿನ್ನೆ ಸಂಜೆ ಹುಬ್ಬಳ್ಳಿಯಾಕೆ ಫ್ಯಾಕ್ಟರಿಯ ನೀಲಿ ಅಂಗಿ ಹಾಕಿಕೊಂಡು ಬಂದು ತನ್ನ ಮನೆಯ ಕೀಲಿ ನನ್ನ ಕೈಗಿಟ್ಟಳು. ಬಸ್ಸು ಗೇಟಿನ ಹತ್ತಿರ ಬಂದು ನಿಂತಿತ್ತು.

“ಎಂಟಕ್ಕ ಗಂಜಿ ಕುಡಿಸಿದ್ರ ಸಾಕ್ರಿ ಅಕ್ಕಾರ. ಎಡಕ್ಕ ಹೊಳ್ಳಿಸಿ ಮಲಗಿಸ್ರಿ. ಆಮ್ಯಾಲೆ ಮುಂಜಾನೆತನಕ ಹಂಗ ಇರ್ತಾರ.”

“ರಾತ್ರಿ ಏಳಬೇಕಾದರೆ?”

ಅವಳು ಸ್ವಲ್ಪ ನಿಂತಳು. “ತಡ್ಕೊಳ್ತೀನಿ ಅಂದಾರ್ರಿ” ಎಂದು ಬಸ್ಸಿನ ಕಡೆ ಓಡಿದಳು.

ನಮ್ಮವರು ಹೋಗಿ ಎಡ ಮಗ್ಗುಲಿಗೆ ತಿರುಗಿಸಿ ಮಲಗಿಸಿ ಬಂದರು. ಗಂಡಸು ಒಬ್ಬರು ಜೊತೆಗಿರುವುದು, ಬೈಯದೆ ಹೋಗಿಬರುವುದು, ಅದೂ ಒಂದು ದಯೆಯೇ. ಆದರೆ ಒಂಬತ್ತರಿಂದ ಬೆಳಗಿನವರೆಗೆ ಆ ಮನೆಯಲ್ಲಿ ಅವನು ಒಬ್ಬನೇ.

ಬಾಯಿ ಪರೀಕ್ಷೆಯ ದಿನದಿಂದ ಕಪಾಟಿನಲ್ಲೇ ಇದ್ದ ಚಿತ್ರವನ್ನು ಇವತ್ತು ಮತ್ತೆ ಗೋಡೆಗೆ ಹಾಕಿದೆ. ಗಂಟೆ ಐದಾಗಿತ್ತು. ಡಬ್ಬಿಯಿಂದ ಕುಚ್ಚಲಕ್ಕಿ ತೆಗೆದು ನಮ್ಮಿಬ್ಬರ ಅಳತೆಗೆ ಹುಬ್ಬಳ್ಳಿಯಾಕೆಯ ಗಂಡನದ್ದು ಒಂದು ಮುಷ್ಟಿ ಸೇರಿಸಿ, ಗಂಜಿಗೆ ತೊಳೆಯಲು ನಲ್ಲಿಯ ಕೆಳಗೆ ಹಿಡಿದೆ.